ಶನಿಯ ಚಂದ್ರನಿಗೆ ಹೊಗೆಸೊಪ್ಪಿನ ಬುದ್ಧಿ

ದೊಡ್ಡಪ್ಪಾ,

ನೆಗಡಿ ಬಿಟ್ಟರೆ ಜಪಾನಿನಲ್ಲಿ ಆರಾಮ. ಶನಿಗ್ರಹದ ಒಂದು ಚಂದ್ರನಿಂದ ಹಿಡಿ ಮಂಜುಗಡ್ಡೆ ತರುವ ನೌಕೆಯ ವಿನ್ಯಾಸ ನಡೆದಿದೆ. ದೊಡ್ಡವ್ವನ ಮುಂದೆ ಶನಿ ಅನ್ನಬೇಡಿ, ಎಳ್ಳೆಣ್ಣೆ ಹಿಡಿದು ಹೊರಟಾಳು.

ಇಲ್ಲಿ ತಲೆ ನರೆತ ವಿಜ್ಞಾನಿಗಳು ಕುಕ್ಕರಗಾಲಲ್ಲಿ ಕೂತು, ಪುಡಿಮಂಜಿನ ತೊಟ್ಟಿಯನ್ನೇ ಚಂದ್ರನೆಂದು ಕೆರೆಯುತ್ತಾರೆ. ನೌಕೆಯ ಕೈ ಮೇಲೆಮೇಲೆ ಕೆರೆದರೆ ಸಾಕು ಅಂದರು. ನಾನು ಎದ್ದು, ನೀವು ಹೊಗೆಸೊಪ್ಪಿನ ಬೇಲ್ ಕಟ್ಟುವಾಗ ಮೇಲೆ ಬಂಗಾರದಂಥ ಎಲೆ ಹೊದಿಸಿ ಒಳಗೆ ಕಳಪೆ ಸೊಪ್ಪು ತುರುಕುವುದನ್ನು ವಿವರಿಸಿದೆ. ಹುಣಸೂರು ಹರಾಜಿನಲ್ಲಿ ವ್ಯಾಪಾರಿಗೆ ಸಿಕ್ಕಿಬಿದ್ದ ದಿನ, "ಆ ನನ್ಮಗ ಬೇಲ್ ಹೊಟ್ಟೆಗೇ ಕೈ ಹಾಕ್ಬುಟ್ಟ ಕಣವ್ವಾ" ಅಂತ ಗೋಳಾಡಿದಿರಲ್ಲ, ಅದನ್ನೂ ಹೇಳಿದೆ.

ಕೈಯನ್ನು ಎರಡಡಿ ಉದ್ದ ಮಾಡಿದರು. ಅದಕ್ಕೆ ನಿಮ್ಮ ದೊಡ್ಡಪ್ಪನ ಹೆಸರೇ ಇಡುತ್ತೇವೆ ಅಂದರು. ಬೇಡ ಅಂದೆ, ಸುದ್ದಿ ಹುಣಸೂರಿನ ವ್ಯಾಪಾರಿಗಳಿಗೆ ಮುಟ್ಟೀತು; ಈ ವರ್ಷದ ಹರಾಜು ಇನ್ನೂ ಮುಗಿದಿಲ್ಲವಲ್ಲ.

ಪವಿತ್ರಾ