ಗಂಗೋತ್ರಿಯ ಜಡೆ

ಜನವರಿ 7, ಮಂಗಳವಾರ. ಬೆಳಿಗ್ಗೆ 6.20

ನೀರು ಬಂತು, ಹಿಡಿದೆ. ಗಂಡ ಕನಕರಾಜ್ ಸಂಡೂರಿನಿಂದ ಇನ್ನೂ ಬಂದಿಲ್ಲ. ಅದಿರಿನ ಟಿಪ್ಪರ್ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿರಬೇಕು. ಅಂಗಳದಲ್ಲಿ ಆಗಲೇ ನಾಲ್ಕು ಹೆಂಗಸರು, ಕೈಯಲ್ಲಿ ಕಾಯಿ. ಅತ್ತೆ ನನ್ನ ಮಗಳು ಗಂಗೋತ್ರಿಯನ್ನು ಮಣೆಯ ಮೇಲೆ ಕೂರಿಸಿದ್ದಾರೆ. ಹದಿನಾಲ್ಕು ವರ್ಷದ ಹುಡುಗಿ. ತಲೆಯ ಹಿಂದೆ ಕೂದಲು ಅಂಟಿಕೊಂಡು ಹಗ್ಗದ ಹಾಗೆ ಗಂಟಾಗಿದೆ. ಊರಿಗೆಲ್ಲ ಅದು ಗುಡಿಯ ಅಮ್ಮ ಕೊಟ್ಟ ಜಡೆ. ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ಕತ್ತರಿಸಿದರೆ ಮನೆಯಲ್ಲಿ ಹೆಣ ಬೀಳುತ್ತದಂತೆ.

ಎಲ್ಲರಿಗೂ ಚಹಾ ಮಾಡಿ ಕೊಟ್ಟೆ. ಥೂ ನನ್ನ ಜನ್ಮಕ್ಕೆ.

ಜನವರಿ 9

ವಡ್ಡು ಗ್ರಾಮದಲ್ಲಿ ಮನೆ ಮನೆ ಸರ್ವೆ. ಗುಲಾಬಿ ಸೀರೆ, ಬ್ಯಾಗು, ಆಶಾ ಕಾರ್ಯಕರ್ತೆ ಗಾಯತ್ರಿ ನಾನು! ಮಾರೆಪ್ಪನ ಮಗುವಿಗೆ ಮೂರು ದಿನದಿಂದ ಜ್ವರ, ತಾಯತ ಕಟ್ಟಿ ಕೂತಿದ್ದಾರೆ. ರೇಗಿತು.

"ತಾಯತದಾಗ ಔಷಧ ಐತೇನ್ರಿ? ಜಲ್ದಿ ದವಾಖಾನಿಗೆ ನಡೀರಿ."

ಅವನ ಹೆಂಡತಿ ನಕ್ಕಳು. "ನಿಮ್ಮನ್ಯಾಗ ದೇವ್ರನ್ನ ಕುಂದ್ರಿಸ್ಕೊಂಡು ನಮಗ್ಯಾಕ್ ಹೇಳ್ತೀರಿ ಗಾಯತ್ರಕ್ಕ?"

ರಿಜಿಸ್ಟರಿನಲ್ಲಿ ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದೆ. ಕಾಲು ನೋವು. ಊಟ ಮಾಡದೆ ಮಲಗಿದೆ.

ಜನವರಿ 14, ಸಂಕ್ರಾಂತಿ

ಎಲ್ಲರಿಗೂ ಎಳ್ಳು ಹಚ್ಚಿ ತಲೆಸ್ನಾನ. ಗಂಗೋತ್ರಿಯ ತಲೆಗೆ ಮಾತ್ರ ನೀರಿಲ್ಲ, ಬರೀ ಅರಿಶಿನ. ವಾಸನೆ ಬರುತ್ತಿದೆ.

ಪಕ್ಕದ ಓಣಿಯ ಸುಂಕಮ್ಮ ಹೊಸಪೇಟೆಯಿಂದ ಸೊಸೆಯನ್ನು ಕರೆತಂದು ಪಾದ ಹಿಡಿಸಿದಳು. ಗಂಗೋತ್ರಿ "ಮುಟ್ಟಬ್ಯಾಡ್ರಿ" ಎಂದಳು. ಮೂರು ಸಲ ಎಂದಳು. ಯಾರು ಕೇಳಬೇಕು? ಕೊನೆಗೆ ಸುಂಕಮ್ಮನ ಕೈಯನ್ನೇ ಕಚ್ಚಿದಳು, ರಕ್ತ ಬಂತು. ಆ ಪುಣ್ಯಾತ್ಗಿತ್ತಿ ಗಾಯವನ್ನು ಕಣ್ಣಿಗೊತ್ತಿಕೊಂಡಳು! "ಅಮ್ಮ ಒಪ್ಪಿದ್ಳು. ಈ ವರ್ಷ ಮೊಮ್ಮಗ ಗ್ಯಾರಂಟಿ."

ನಗಬೇಕೋ ಅಳಬೇಕೋ. ಟಿಟಿ ಇಂಜೆಕ್ಷನ್‌ಗೆ ಸುಂಕಮ್ಮನನ್ನು ನಾನೇ ಕರೆದುಕೊಂಡು ಹೋದೆ.

ಜನವರಿ 29

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಯಾರೂ ಓದುವುದಿಲ್ಲವಲ್ಲ, ಬರೆದುಬಿಡುತ್ತೇನೆ.

ಗಂಗೋತ್ರಿಗೆ ಆರು ವರ್ಷವಿದ್ದಾಗ ಬಳ್ಳಾರಿಯ ಡಾಕ್ಟರು ಆಟಿಸಂ ಎಂದರು. ಬಾಚಣಿಕೆ ತಾಗಿದರೆ ಅವಳಿಗೆ ಸೂಜಿ ಚುಚ್ಚಿದ ಹಾಗೆ. ದಿನಾ ಬೆಳಿಗ್ಗೆ ಕಾಲ ಸಂದಿಯಲ್ಲಿ ಒತ್ತಿ ಹಿಡಿದು ಬಾಚುತ್ತಿದ್ದೆ, ಓಣಿಯೆಲ್ಲ ಕೇಳುವಂತೆ ಅರಚುತ್ತಿದ್ದಳು. ಹೋದ ಸೆಪ್ಟೆಂಬರಿನಲ್ಲಿ ಡೆಂಗಿ ಸರ್ವೆ. ಸಾಕಾಗಿತ್ತು. ಒಂದು ವಾರ ಬಾಚಲಿಲ್ಲ. ಗಂಟು ಕಟ್ಟಿ ಬಿಟ್ಟೆ. ಎರಡು ವಾರ, ಮೂರು... ಕೂದಲು ಕೂಡಿಕೊಂಡಿತು. ಒಂದು ದಿನ ಅತ್ತೆ ಅದನ್ನು ನೋಡಿ ಕೈ ಮುಗಿದರು. "ಅಮ್ಮ ಬಂದಾಳ."

ಅಲ್ಲ, ಇದು ನನ್ನ ಸೋಮಾರಿತನ ಅನ್ನಬಹುದಿತ್ತು. ಅನ್ನಲಿಲ್ಲ. ಬಾಚುವ ಕಾಟ ತಪ್ಪಿತಲ್ಲ ಎಂದು ಹಾಯಾಯಿತು. ಅದಕ್ಕಿಂತ ಹೆಚ್ಚಾಗಿ — ಹುಚ್ಚಿ ಎಂದು ಕರೆಯುತ್ತಿದ್ದವರೇ ನನ್ನ ಮಗಳಿಗೆ ಕೈ ಮುಗಿದರು. ಅದೂ ಹಿತವಾಗಿತ್ತು ನನಗೆ.

ಫೆಬ್ರವರಿ 9, ಭಾನುವಾರ

ಬುಧವಾರ ಹುಣ್ಣಿಮೆ. ಕಂಪ್ಲಿಯಿಂದ ಅತ್ತೆಯ ಕಡೆಯವರು ಬರುತ್ತಾರಂತೆ. ಗಂಗೋತ್ರಿಯನ್ನು ಗುಡಿಗೆ ಕರೆದೊಯ್ದು ಅಮ್ಮನಿಗೆ 'ಬಿಡೋದು'. ಬಿಡೋದು ಅಂದರೇನು ಎಂದು ಕೇಳಿದೆ. "ಬರೇ ಪೂಜಿ" ಎಂದರು ಅತ್ತೆ, ನನ್ನ ಮುಖ ನೋಡದೆ. ಅವರ ಅಕ್ಕ ಜಂಬವ್ವನಿಗೂ ಹೀಗೇ ಜಡೆ ಬಂದಿತ್ತು. ಆಕೆಯನ್ನೂ ಬರೀ ಪೂಜೆಗೇ ಬಿಟ್ಟಿದ್ದು. ಮದುವೆ ಇಲ್ಲ, ಯಾರ್ಯಾರೋ ಬಂದರು, ಹೋದರು. ಮೂವತ್ತಕ್ಕೇ ಸತ್ತಳು.

ಕನಕರಾಜ್‌ಗೆ ಹೇಳಿದೆ. "ಈಗ ಕಾನೂನು ಐತಿ, ಹಂಗೇನ್ ಆಗಲ್ಲ. ಅವ್ವಗ ವಯಸ್ಸಾಗೈತಿ, ಎದುರು ಹಾಕ್ಕೋಬ್ಯಾಡ."

"ಮಗಳನ್ನ ಒಂದ್ ಮಾತು ಕೇಳೀಯೇನು?"

"ಆಕಿಗೇನ್ ತಿಳಿತೈತಲೇ?"

ಸಿಟ್ಟು ನೆತ್ತಿಗೇರಿತು. ಆಮೇಲೆ ಅನ್ನಿಸಿತು, ನಾನೂ ಕೇಳಿಲ್ಲ. ಒಂದು ಸಲವೂ.

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ 12.40

ಕೇಳಿದೆ. ಅತ್ತೆ ನೆಂಟರನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದರು.

"ಜಡಿ ಇರ್ಲೋ, ತೆಗೀಲೋ?"

"ತೆಗಿ." ತಡ ಮಾಡಲೇ ಇಲ್ಲ. "ಎಷ್ಟ್ ಸಲ ಕತ್ರಿ?"

"ಹನ್ನೆರಡು" ಎಂದೆ, ಬಾಯಿಗೆ ಬಂದದ್ದು.

ಎಣಿಸುತ್ತಾ ಕೂತಳು. ಕತ್ತರಿ ಮೊಂಡು. ಹನ್ನೆರಡು ಆದ ಕೂಡಲೇ ಎದ್ದುಬಿಟ್ಟಳು. ಇನ್ನೂ ಅರ್ಧ ಜಡೆ ನೇತಾಡುತ್ತಿದೆ! ಇನ್ನು ಎರಡೇ ಎರಡು ಎಂದು ಬೇಡಿಕೊಂಡೆ. "ಹನ್ನೆರಡು ಅಂದಿ." ಎಳೆದು ಕೂರಿಸಲು ಕೈ ಮುಂದಾಯಿತು. ತಡೆದುಕೊಂಡೆ. "ಆತವ್ವ, ನಂದೇ ತಪ್ಪು" ಎಂದು ಕತ್ತರಿ ನೆಲಕ್ಕಿಟ್ಟೆ. ಅತ್ತೆ ಯಾವಾಗ ಬರುತ್ತಾರೋ ಎಂದು ಓಣಿಯ ಕಡೆ ನೋಡಿದೆ. ಗಂಗೋತ್ರಿ ಬಾಗಿಲವರೆಗೆ ನಡೆದಳು, ತಿರುಗಿ ಬಂದಳು. ಕತ್ತರಿ ಎತ್ತಿಕೊಂಡಳು. ಉಳಿದದ್ದನ್ನು ತಾನೇ ಕತ್ತರಿಸಿದಳು.

ಕೆಳಗೆ ಚರ್ಮವೆಲ್ಲ ಹುಣ್ಣು. ಕೀವು, ಹೇನು. ಅಯ್ಯೋ ನನ್ನ ಕಂದಾ.

ಮಧ್ಯಾಹ್ನ 3

ಅತ್ತೆ ಅಂಗಳದಲ್ಲೇ ಕುಸಿದು ಎದೆ ಬಡಿದುಕೊಂಡರು. "ಹೆಣ ಬೀಳತೈತಿ ಈ ಮನ್ಯಾಗ!"

"ಬಿದ್ರ ನಂದ್ ಬೀಳ್ಲಿ ಬಿಡ್ರಿ. ಆಕೀನ್ನ ಮಾತ್ರ ಬಿಡಂಗಿಲ್ಲ" ಎಂದೆ. ಕಂಪ್ಲಿಯವರು ನೀರೂ ಮುಟ್ಟದೆ ಮುಂದಿನ ಬಸ್ಸು ಹತ್ತಿದರು. ಕನಕರಾಜ್ ಬಂದ. ಮಗಳ ತಲೆ ನೋಡಿದ. ಹೋಗಿ ಮುಲಾಮು ತಂದಿಟ್ಟ.

ಸಂಜೆ 5.15

ಗಂಗೋತ್ರಿಯ ಬೆರಳ ತುದಿಗೆ ಮುಲಾಮು ಹಾಕಿಕೊಟ್ಟೆ, ತಾನೇ ಹಚ್ಚಿಕೊಂಡಳು. ತಡೆಯಲಾರದೆ ಕೇಳಿದೆ. "ಇಷ್ಟ್ ನೋವಿದ್ರ ಹೇಳಬಾರದೇನವ್ವ?"

"ಹೇಳೀನಿ. ಅಕ್ಟೋಬರ್ ಇಪ್ಪತ್ತೆರಡು. ನವೆಂಬರ್ ಐದು. ಡಿಸೆಂಬರ್ ಹದಿನೇಳು."

ತಾರೀಖು ಅವಳಿಗೆ ತಪ್ಪುವುದಿಲ್ಲ. ಟ್ರಂಕಿನಿಂದ ಹೋದ ವರ್ಷದ ಡೈರಿ ತೆಗೆದೆ.

ಅಕ್ಟೋಬರ್ 22: 'ಗಂಗೋತ್ರಿ ಇವತ್ತು ತುಂಬಾ ಹಟ. ತಲೆ ತಲೆ ಎಂದು ಒಂದೇ ಅಳು. ಎರಡು ಏಟು ಹಾಕಿದೆ.'

ನವೆಂಬರ್ 5: 'ಮತ್ತೆ ಅದೇ ಹಟ. ಏಟು.'

ಪಕ್ಕದಲ್ಲೇ ನಿಂತಿದ್ದಾಳೆ. "ಡಿಸೆಂಬರ್ ತಗಿ" ಅನ್ನುತ್ತಿದ್ದಾಳೆ. ಕೋಪವಿಲ್ಲ, ಅಳುವಿಲ್ಲ. ಪುಟ ತಿರುವಲು ಕೈ ಬರುತ್ತಿಲ್ಲ. ಓದುತ್ತೇನೆ, ಅವಳೆದುರೇ, ಗಟ್ಟಿಯಾಗಿ. ಡಿಸೆಂಬರ್ 17: 'ಇವತ್ತು ಗಂಗೋತ್ರಿ —