ಚರ್ಚಿನ ಬಾಗಿಲ ಮೇಲೆ ತೆಂಗು

ಮಾರ್ಚ್ 27, ಗುರುವಾರ

ಬೆಳಗ್ಗೆ ಮತ್ತೆ ಅದೇ ಪ್ಲೈವುಡ್, ಅದೇ ಅಡುಗೆಮನೆ ಕಬೋರ್ಡು. ಹನ್ನೊಂದಕ್ಕೆ ಚರ್ಚಿನ ಸೆಕ್ರೆಟರಿ ಮೋಹನ್ ಕುಮಾರ್ ಫೋನು. ಬಾಗಿಲ ಮೇಲಿನ ಹಳೇ ಹಲಸಿನ ಕೆತ್ತನೆ ಹಲಗೆಗೆ ಗೆದ್ದಲು ಹತ್ತಿದೆಯಂತೆ. ತಿಪಟೂರಿನಲ್ಲೇ ಹುಟ್ಟಿ, ಆ ಬೀದಿಯಲ್ಲೇ ಓಡಾಡಿ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಹೋಗಿ ಏಣಿ ಹತ್ತಿದೆ. ಕತ್ತೆಯ ಮೇಲೆ ಯೇಸುಸ್ವಾಮಿ. ದಾರಿಯುದ್ದಕ್ಕೂ ಗರಿ ಹಿಡಿದ ಜನ. ಹಿಂದೆ ಸಾಲು ತೆಂಗಿನಮರ — ಗೊನೆ ಸಮೇತ. ನಗು ತಡೆಯಲಾಗಲಿಲ್ಲ.

"ಅದೇ ಪ್ರಾಬ್ಲಂ ತಿಮ್ಮೇಶಣ್ಣ," ಎಂದರು ಸೆಕ್ರೆಟರಿ. "ಬೈಬಲ್‌ನಲ್ಲಿರೋದು ಖರ್ಜೂರದ ಗರಿ. ಮುಂದಿನ ವರ್ಷ ಚರ್ಚಿಗೆ ನೂರು ತುಂಬ್ತದೆ, ಹೊರಗಿನೋರೆಲ್ಲ ಬತ್ತಾರೆ. ಇದನ್ನ ಇಳಿಸ್ಬುಟ್ಟು ಸರಿಯಾಗಿರೋದೊಂದು ಕೆತ್ಕೊಡಿ."

ಕೆತ್ತಿಕೊಡಿ. ಈ ಮಾತು ಕೇಳಿ ಹದಿನೈದು ವರ್ಷವಾಯಿತು. ಸಂಜೆಯೆಲ್ಲ ಅಪ್ಪನ ಉಳಿಗಳನ್ನು ಮಸೆದೆ. ಖುಷಿ.

ಏಪ್ರಿಲ್ 2

ಫೋನಿನಲ್ಲಿ ನೋಡಿಕೊಂಡು ಖರ್ಜೂರದ ಮರ ಬರೆದೆ. ಅನುಪಮಾ ಇಣುಕಿದಳು. "ಪೊರಕೆ ನೆಟ್ಟಂಗೈತೆ ಕಣ್ರೀ." ಹೆಂಡತಿಯ ತೀರ್ಪಿಗೆ ಅಪೀಲಿಲ್ಲ. ಹರಿದು ಹಾಕಿದೆ.

ಏಪ್ರಿಲ್ 8

ಹಲಗೆಯ ಮಸಿ ಒರೆಸಿದೆ. ಒಂದು ಮರದ ಮೇಲೆ ಆಳೊಬ್ಬ ಕಂಡ. ಕಾಲಿಗೆ ಹಗ್ಗದ ಬಳೆ, ಕೈಯಲ್ಲಿ ಕುಡುಗೋಲು, ಗರಿ ಕೊಯ್ಯುತ್ತಿದ್ದಾನೆ. ಹಿಮ್ಮಡಿಯ ಬಿರುಕನ್ನೂ ಬಿಟ್ಟಿಲ್ಲ ಪುಣ್ಯಾತ್ಮ. ಕೆತ್ತಿದವನು ಯಾರೋ, ಹೆಸರು ಹಾಕಿಲ್ಲ. ಇಂಥ ಕೈಯವನು ಮರದಲ್ಲಿ ಹೇಗೆ ತಪ್ಪಿದ...

ಇದನ್ನು ಇಳಿಸಿ ನನ್ನದನ್ನು ಏರಿಸಬೇಕು. ಊಟ ಸೇರಲಿಲ್ಲ.

ಏಪ್ರಿಲ್ 13, ಭಾನುವಾರ

ಅಳತೆಗೆಂದು ಟೇಪು ಹಿಡಿದು ಹೋದರೆ ಚರ್ಚಿನ ಬೀದಿ ತುಂಬ ಜನ. ಇವತ್ತು ಗರಿಗಳ ಭಾನುವಾರವಂತೆ, ಯೇಸು ಕತ್ತೆ ಏರಿ ಊರೊಳಗೆ ಬಂದ ದಿನ. ಎಲ್ಲರ ಕೈಯಲ್ಲೂ ಗರಿ. ಎಲ್ಲವೂ ತೆಂಗಿನದು. ಚರ್ಚಿನ ಕಮಿಟಿಯ ಹಿರಿಯೆ, ಎಂಬತ್ತು ದಾಟಿದ ಸುಗುಣಮ್ಮ ನನ್ನ ಕೈಗೂ ಒಂದು ನೀಡಿದರು. ತಗೊಳ್ಳಲೋ ಬೇಡವೋ ಅಂತ ನಿಂತೆ.

"ಖರ್ಜೂರದ್ದು ಅಲ್ವೇನಮ್ಮ?"

"ಎಲ್ಲಿಂದ ತರಾಣಪ್ಪ? ಈಚಲು ಗರಿ ತಂದ್ರೆ ಮಕ್ಳ ಕಣ್ಣಿಗೆ ಚುಚ್ತದೆ. ನಮ್ಮಜ್ಜಿ ಕಾಲದಿಂದ್ಲೂ ಹೊನ್ನವಳ್ಳಿ ತೋಟದ ತೆಂಗಿನ ಗರಿನೇಯ."

ತಲೆ ಎತ್ತಿ ನೋಡಿದೆ. ಹಲಗೆಯಲ್ಲೂ ಇದೇ ಬೀದಿ, ಇದೇ ಮೆರವಣಿಗೆ. ಅವನು ತಪ್ಪಿರಲಿಲ್ಲ. ಇಲ್ಲೇ ನಿಂತು ಕಂಡದ್ದನ್ನು ಕೆತ್ತಿದ್ದ.

ಆರಾಧನೆ ಮುಗಿದ ಮೇಲೆ ಸೆಕ್ರೆಟರಿಗೂ ಸುಗುಣಮ್ಮನಿಗೂ ಇದನ್ನೇ ಹೇಳಿದೆ. ಹಲಗೆ ಇಳಿಸಬೇಡಿ ಎಂದೆ.

"ಹಂಗಾರೆ ನಿಮ್ಗೆ ಕೆಲ್ಸ ಎಲ್ಲೈತೆ ತಿಮ್ಮೇಶಣ್ಣ?" ಎಂದರು ಸೆಕ್ರೆಟರಿ.

"ಹೋಗ್ಲಿ ಬುಡಿ."

ಬಾಯಲ್ಲೇನೋ ಅಂದೆ. ಮನೆಗೆ ಬಂದು ಉಳಿಗಳಿಗೆ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟೆ.

ಏಪ್ರಿಲ್ 26

ಈಸ್ಟರ್ ಮುಗಿದು ಕಮಿಟಿ ಕೂತಿತ್ತು. ಹಲಗೆ ಉಳಿಯಿತು. ಗೆದ್ದಲು ತಿಂದ ಎಡ ಮೂಲೆಗೆ ಮಾತ್ರ ಹೊಸ ತುಂಡು ಕೂರಿಸಬೇಕು — ಒಂದು ಗೇಣು. ಕೆತ್ತುವವನು ನಾನೇ. ಅಲ್ಲಿ ಮೊದಲು ಏನಿತ್ತು? ಫೋಟೊ ಇಲ್ಲ. ಸೆಕ್ರೆಟರಿ ಮಡಕೆ ಎಂದರು, ಸುಗುಣಮ್ಮ ನಾಯಿ ಎಂದರು. ಅರ್ಧ ಗಂಟೆ ವಾದ. ಕೊನೆಗೆ ಸುಗುಣಮ್ಮನೇ, "ನೀನೂ ಕಂಡಿದ್ದನ್ನ ಕೆತ್ತು ಕಣಪ್ಪ" ಎಂದರು.

ಗೇಣು ಜಾಗ. ಸಾಕು. ದಾರಿಯಲ್ಲಿ ಒಬ್ಬನೇ ನಗುತ್ತಾ ಬಂದೆ.

ಮೇ 4, ಸಂಜೆ ಐದು

ಗರಿ ನೀಡುವ ಮುದುಕಿಯ ಕೆತ್ತನೆ ಮುಗಿಯಿತು. ಎದುರಿಗೆ ಟೇಪು ಹಿಡಿದು, ತಗೊಳ್ಳಲೋ ಬೇಡವೋ ಅಂತ ನಿಂತಿರುವ ಗಂಡಸು. ಅನುಪಮಾ ಬಂದು ನೋಡಿದಳು. "ಹೊಟ್ಟೆ ಹತ್ರ ಉಳಿ ಹಾಕ್ಬ್ಯಾಡ್ರೀ. ನಿಮ್ಗೆ ಎಷ್ಟು ಬೊಜ್ಜು ಐತೋ ಅಷ್ಟೂ ಇರ್ಲಿ. ಕಂಡಿದ್ದನ್ನೇ ಕೆತ್ತು ಅಂದವ್ರಲ್ಲ ಸುಗುಣಮ್ಮ."

ಬಿಟ್ಟೆ. ಇನ್ನು ಮುಖವೊಂದೇ ಬಾಕಿ. ಗೋಡೆಗೂಡಿನ ಕನ್ನಡಿ ತಂದಿಟ್ಟುಕೊಂಡಿದ್ದೇನೆ. ನರೆತ ಕೂದಲು ಹಲಗೆಯಲ್ಲಿ ಕಾಣುವುದಿಲ್ಲ, ಅದೊಂದು ಸಮಾಧಾನ. ಕಣ್ಣು ಎತ್ತ ನೋಡಬೇಕೆಂದು ಮಾತ್ರ ಗೊತ್ತು — ಮೇಲಕ್ಕೆ, ಮರ ಹತ್ತಿದವನ ಹಿಮ್ಮಡಿಯ ಕಡೆಗೆ. ಬರೆದದ್ದು ಸಾಕು, ಬೆಳಕಿರುವಾಗಲೇ...