ಅಮ್ಮನ ಹೆಸರಲ್ಲಿ ಮೊದಲ ಗುಟುಕು

ಡಾರ್ಸೆಟ್, ೧೯೧೨

ಅಮ್ಮಾ,

ಜಹಗೀರಿನ ಹೆಂಡದಂಗಡಿಗಳನ್ನೆಲ್ಲ ಮುಚ್ಚಿಸಿದವರು ನೀವು. ಇಂದು ಚರ್ಚಿನ ಬಳಿ ನಿಮ್ಮನ್ನು ಮಣ್ಣು ಮಾಡಿದ ಒಕ್ಕಲುಗಳು ನೇರ ನಮ್ಮ ಅಂಗಳಕ್ಕೇ ಬಿಯರ್ ಪೀಪಾಯಿ ಉರುಳಿಸಿಕೊಂಡು ಬಂದರು.

“ಸತ್ತೋರ ಹೆಸರಲ್ಲಿ ಕುಡೀದೆ ಮನೆಗೋಗೋ ಪದ್ಧತಿ ನಮ್ಮಲ್ಲಿಲ್ಲ. ಸತ್ತೋರು ಲೇಡಿ ಆನೋರಾನೇ ಆದ್ರೇನು? ಮೊದಲ ಗುಟುಕು ಮಗಳದ್ದು,” ಎಂದು ಕಮ್ಮಾರ ಏಮಸ್ ಲೋಟ ಚಾಚಿದ. ಬೇಡವೆನ್ನಲು ಎತ್ತಿದ ನನ್ನ ಕೈ ಲೋಟದತ್ತಲೇ ಹೋಯಿತು.

ಕುಡುಕರಿಗಾಗಿ ನೀವು ನಡೆಸುತ್ತಿದ್ದ ಆಶ್ರಮದಲ್ಲಿ ಕುಡಿತ ಬಿಟ್ಟ ಅಡುಗೆಯ ಟ್ಯಾಬಿತಾ ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. “ಈ ಮನೇಲಿ ಚಹಾ ಕುಡಿದೇ ಅವ್ರನ್ನ ನೆನೀರಯ್ಯಾ!” ಎಂದು ಅವರನ್ನು ಗದರಿ, ನನ್ನ ಕಿವಿಯಲ್ಲಿ, “ಆಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಐತೆ. ನಿಮ್ಮ ಕೈ ನಡುಗೋದು ಯಾವತ್ತೋ ಕಂಡಿದ್ದೆ, ಚಿಕ್ಕ ಅಮ್ಮಾವ್ರೇ,” ಎಂದಳು.

ದಿನವೂ ನಾನು ಊಟಕ್ಕೆ ಕೂರುತ್ತಿದ್ದುದು ನಿಮ್ಮೆದುರಿಗೇ ಅಲ್ಲವೇ, ಅಮ್ಮಾ?